ಕೊನೆಯ ಗಾಡಿಯ ಮೆಳ್ಳೆಗಣ್ಣು

ನಾಲ್ಕು ಜನ ಒಟ್ಟಿಗೆ ನಡೆಯುವಾಗ ನಾನು ನನಗರಿವಿಲ್ಲದೆಯೇ ಹಿಂದೆ ಬೀಳುತ್ತೇನೆ. ಮೊಣಕಾಲಿನ ದೋಷವಿರಬೇಕು ಅಂತ ನೀವು ಅಂದುಕೊಳ್ಳಬಹುದು. ಅದೂ ಸ್ವಲ್ಪ ಇದೆ. ಆದರೆ ಮುಖ್ಯ ಕಾರಣ ಅಭ್ಯಾಸ. ಹಿಂದೆ ಬಿದ್ದ ಮೇಲೆ ಸುಮ್ಮನೆ ಬರುವವನಲ್ಲ ನಾನು, ಮುಂದಿನವರ ತಲೆ ಎಣಿಸುತ್ತೇನೆ. ಕಳೆದ ತಿಂಗಳು ನಾದಿನಿಯ ಮಗಳ ಮದುವೆಗೆ ಹೋದಾಗ, ಬಸ್ಸಿಳಿದು ಛತ್ರದ ಕಡೆ ಹೊರಟ ನಮ್ಮ ಕಡೆಯವರನ್ನು ಎಣಿಸಿ, ಒಬ್ಬರು ಕಡಿಮೆ ಅನ್ನಿಸಿ, ರಸ್ತೆ ನಡುವೆ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದೆ. ಹೆಂಡತಿ ತಿರುಗಿ ನೋಡಿ, "ನಿಮ್ಮನ್ನ ಎಣಿಸ್ಕೊಂಡ್ರಾ?" ಅಂದಳು. ಎಣಿಸಿಕೊಂಡಿರಲಿಲ್ಲ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಮದುವೆ ಊಟದ ಹೊತ್ತಿಗೂ ಬಿಡಲಿಲ್ಲ. ನನ್ನನ್ನು ನಾನೇ ಎಣಿಸಿಕೊಳ್ಳಬೇಕಾಗಿ ಬಂದ ಒಂದು ಬೆಳಗು ನನ್ನ ಬದುಕಿನಲ್ಲಿ ಇದೆ. ಅವತ್ತು ಲೆಕ್ಕ ತಾಳೆಯಾಗಲಿಲ್ಲ. ಅದನ್ನು ಹೇಳಬೇಕಾದರೆ ಮಾಚೇನಹಳ್ಳಿಯಿಂದ ಶುರುಮಾಡಬೇಕು.

ತೊಂಬತ್ತರ ದಶಕದ ಮಾತು. ನಾನು ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲೇ ಹುಟ್ಟಿ ಬೆಳೆದು, ಅಲ್ಲೇ ಮದುವೆಯಾಗಿ, ನೀರಾವರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿಕೊಂಡಿದ್ದೆ. ಪ್ರತಿ ಭಾನುವಾರ ಬೆಳಿಗ್ಗೆ ಆರಕ್ಕೆ ಮಾಚೇನಹಳ್ಳಿಯ ಒಂದು ಕಬ್ಬಿಣ ಕಡೆಯುವ ಲೇತ್ ಶಾಪಿನ ಮುಂದೆ ನಾಲ್ಕು ಮೋಟಾರ್ ಸೈಕಲ್ಲುಗಳು ಸೇರುತ್ತಿದ್ದವು. ಶಾಪು ಚನ್ನಣ್ಣನದು. ನಮಗಿಂತ ಎಂಟು ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ, ಬುಲೆಟ್ಟಿನ ಮೇಲೆ ಕೂತರೆ ಶಾಪಿನ ಇನ್ನೊಂದು ಮಿಷಿನ್ನಿನ ಹಾಗೆ ಕಾಣುತ್ತಿದ್ದ. ಎರಡನೆಯವರು ನಾಗೇಶ್ ಮೇಷ್ಟ್ರು. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದರು. ದಾರಿಯಲ್ಲಿ ಎಂಥ ಸಣ್ಣ ಹಳ್ಳ ಕಂಡರೂ ಅದು ಯಾವ ಹೊಳೆ ಸೇರುತ್ತದೆಂದು ಹೇಳದೆ ಬಿಡುತ್ತಿರಲಿಲ್ಲ. ಮೂರನೆಯವನು ಭದ್ರಾವತಿ ಓಲ್ಡ್ ಟೌನಿನ ಸೆಲ್ವರಾಜ, ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಕೆಲಸ. ಮನೆಯಲ್ಲಿ ತಮಿಳು, ಕಾರ್ಖಾನೆಯಲ್ಲಿ ತೆಲುಗು, ನಮ್ಮ ಹತ್ತಿರ ಕನ್ನಡ, ಗಾಡಿ ಕೆಟ್ಟರೆ ಮೂರೂ.

ನಾಲ್ಕನೆಯವನು ನಾನು. ನಾನು ಗಾಡಿ ಓಡಿಸುತ್ತಿದ್ದ ರೀತಿಗೆ ಸೈಕಲ್ಲಿನವರು ಬೆಲ್ ಮಾಡಿ ದಾರಿ ಕೇಳುತ್ತಿದ್ದರು. ಮೂರನೇ ವಾರವೇ ಚನ್ನಣ್ಣ ನನ್ನನ್ನು ಪಕ್ಕಕ್ಕೆ ಕರೆದು, "ನೋಡು ರುದ್ರೇಶ, ಮುಂದೆ ಯಾವನು ಬೇಕಾದ್ರೂ ಹೋಗ್ತಾನೆ. ಹಿಂದೆ ಬರೋನಿಗೆ ಜವಾಬ್ದಾರಿ ಇರ್ಬೇಕು. ನೀನು ಕೊನೇಲಿ ಬಾ" ಅಂದ. ಎರಡು ವರ್ಷ ಎದೆಯುಬ್ಬಿಸಿಕೊಂಡು ಕೊನೆಯಲ್ಲಿ ಬಂದೆ. ಆಮೇಲೊಂದು ದಿನ ಸೆಲ್ವರಾಜ ಬಾಯಿತಪ್ಪಿ ಹೇಳಿದ: "ನೀವು ನಡುವೆ ಇದ್ರೆ ಹಿಂದಿರೋರಿಗೆ ನಿದ್ದೆ ಬರುತ್ತೆ ಸಾರ್, ಅದಕ್ಕೇ."

ಕಾರಣ ಏನೇ ಇರಲಿ, ಕೆಲಸವನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ. ತಂಡದ ಕಾನೂನು ಒಂದೇ. ಕೊನೆಯವನು ಹಗಲಿನಲ್ಲೂ ಹೆಡ್‌ಲೈಟ್ ಹಾಕಿಕೊಂಡು ಬರಬೇಕು. ಮುಂದಿನ ಮೂವರು ಆಗಾಗ ಕನ್ನಡಿಯಲ್ಲಿ ಆ ಬೆಳಕನ್ನು ನೋಡಿಕೊಳ್ಳಬೇಕು. ಬೆಳಕು ಕಾಣದಿದ್ದರೆ ಎಲ್ಲರೂ ನಿಲ್ಲಬೇಕು. ನನ್ನ ಬೆಳಕನ್ನು ಬೇರೆಯವರ ಬೆಳಕೆಂದು ತಪ್ಪಿ ತಿಳಿಯುವಂತೆಯೂ ಇರಲಿಲ್ಲ. ಒಮ್ಮೆ ಸಂತೆಯಲ್ಲಿ ನಿಂತಿದ್ದ ತಳ್ಳುಗಾಡಿಗೆ ಗುದ್ದಿ ಹೆಡ್‌ಲೈಟಿನ ಮುಖ ಎಡಕ್ಕೆ ತಿರುಗಿತ್ತು. ಚನ್ನಣ್ಣ ಎರಡು ಸಲ ಬಡಿದು ಸರಿಮಾಡಿದ, ಎರಡು ಸಲವೂ ಅದು ತಾನಾಗಿ ಎಡಕ್ಕೆ ಹೋಯಿತು. ಅಲ್ಲಿಂದ ನನ್ನ ಗಾಡಿಗೆ ಮೆಳ್ಳೆಗಣ್ಣು ಅಂತಲೇ ಹೆಸರು. ಹಳದಿ ಬೆಳಕು, ರಸ್ತೆ ಬಿಟ್ಟು ಬೇಲಿ ನೋಡುವ ಬೆಳಕು.

ಬೆಳಕನ್ನು ನೋಡಿ ಜನರನ್ನು ಗುರುತಿಸುವುದು ನಮ್ಮ ಮನೆಗೆ ಹೊಸದಲ್ಲ. ನಾನು ಚಿಕ್ಕವನಿದ್ದಾಗ ಅಪ್ಪ ಸಂಜೆ ಸೈಕಲ್ಲಿನಲ್ಲಿ ಬರುತ್ತಿದ್ದರು. ಡೈನಮೋ ದೀಪ, ಚಕ್ರ ನಿಧಾನವಾದರೆ ಬೆಳಕೂ ಸಣ್ಣಗಾಗುವಂಥದ್ದು. ನಮ್ಮ ಬೀದಿಯ ಮೋರಿಯ ಹತ್ತಿರ ಅಪ್ಪ ನಿಧಾನ ಮಾಡುತ್ತಿದ್ದರು, ಆಗ ದೀಪ ಮಂಕಾಗಿ ಮತ್ತೆ ಚಿಗುರುತ್ತಿತ್ತು. ನಾನೂ ಅಕ್ಕನೂ ಗೇಟಿನ ಮೇಲೆ ಗಲ್ಲ ಊರಿಕೊಂಡು ಅದಕ್ಕಾಗಿ ಕಾಯುತ್ತಿದ್ದೆವು. ಒಂದು ಸಂಜೆ ದೀಪ ಬಂತು, ಮೋರಿಯ ಹತ್ತಿರ ಮಂಕಾಯಿತು, ಚಿಗುರಿತು, ಮನೆಯ ಹತ್ತಿರದವರೆಗೆ ಬಂದು ಆರಿತು. ಅಪ್ಪ ಇಲ್ಲ. ಅರ್ಧ ಗಂಟೆಯಾದ ಮೇಲೆ, ಪಂಕ್ಚರ್ ಆದ ಸೈಕಲ್ಲನ್ನು ತಳ್ಳಿಕೊಂಡು ಬಂದರು. ನಾವು ಅವ್ವನಿಗೆ ಹೇಳಿದಾಗ ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸದೆ, "ಮನಸ್ಸು ಮೊದ್ಲು ಬಂದಿರುತ್ತೆ. ಹಸಿದೋರ ಮನಸ್ಸು ಹಂಗೇ" ಅಂದಳು. ನಾವು ಅದನ್ನು ಒಪ್ಪಿಕೊಂಡು ಊಟ ಮಾಡಿದೆವು. ಮಕ್ಕಳಿಗೆ ಎಲ್ಲವೂ ಸರಿಯೇ.

ತಂಡ ಕಟ್ಟಿಕೊಂಡು ನೀವು ಮಾಡುತ್ತಿದ್ದುದೇನು ಎಂದು ಕೇಳಿದರೆ ಉತ್ತರವಿಲ್ಲ. ಮಾಚೇನಹಳ್ಳಿಯಿಂದ ಭದ್ರಾವತಿಗೆ ಹೋಗಿ, ಓಲ್ಡ್ ಟೌನಿನ ಒಂದು ಹೋಟೆಲಿನಲ್ಲಿ ಇಡ್ಲಿ ತಿಂದು, ಅಲ್ಲಿಂದ ಲಕ್ಕವಳ್ಳಿಗೋ ತರೀಕೆರೆಗೋ ಹೋಗಿ ಮಧ್ಯಾಹ್ನಕ್ಕೆ ವಾಪಸ್ಸು. ಗಾಡಿಯ ಮೇಲೆ ಮಾತಾಡುವಂತಿಲ್ಲ, ಅದೇ ಅದರ ಸುಖ. ಸೆಲ್ವರಾಜನ ತಂದೆ ತೀರಿಕೊಂಡ ಮೇಲೆ ಹದಿನೈದು ದಿನಕ್ಕೆ ಅವನು ಯಾವತ್ತಿನಂತೆ ಬಂದ. ವಾಪಸ್ಸು ಬರುವಾಗ ಇದ್ದಕ್ಕಿದ್ದಂತೆ ಗಾಡಿ ನಿಲ್ಲಿಸಿ ಒಂದು ಮೋರಿಕಟ್ಟೆಯ ಮೇಲೆ ಕೂತ. ನಾವೂ ಕೂತೆವು. ಒಂದು ಗಂಟೆ ಯಾರೂ ಏನೂ ಆಡಲಿಲ್ಲ. ಆಮೇಲೆ ಅವನೇ ಎದ್ದು, "ಹೋಗಣ ಸಾರ್" ಅಂದ. ನನಗೆ ಅಂಥ ಗೆಳೆಯರು ಅದಕ್ಕೆ ಮುಂಚೆಯೂ ಇರಲಿಲ್ಲ, ಆಮೇಲೂ ಸಿಗಲಿಲ್ಲ.

ತಂಡ ಸೇರಿದ ಆರನೇ ವರ್ಷ ನನಗೆ ಸಿಂಧನೂರಿಗೆ ವರ್ಗವಾಯಿತು. ಹೊರಡುವ ಹಿಂದಿನ ಭಾನುವಾರ ಮೂವರೂ ಸೇರಿ, ಇವತ್ತು ನೀನು ಮುಂದೆ ಹೋಗು ಅಂದರು. ಗೌರವಕ್ಕೆ. ಹೋದೆ. ಆದರೆ ನನ್ನ ಮುಂದೆ ಖಾಲಿ ರಸ್ತೆ ಕಂಡದ್ದು ಅದೇ ಮೊದಲು. ಕಣ್ಣಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಮೂರು ಮೈಲಿಗೆ ಬೆನ್ನು ಬೆವತು ಹೋಯಿತು. ಭದ್ರಾವತಿ ಮುಟ್ಟುವ ಮೊದಲೇ ಗಾಡಿ ಪಕ್ಕಕ್ಕೆ ತೆಗೆದು, ಮೂವರನ್ನೂ ಮುಂದೆ ಬಿಟ್ಟು, ನನ್ನ ಜಾಗಕ್ಕೆ ಬಂದೆ.

ಸಿಂಧನೂರು ಕೆಟ್ಟ ಊರಲ್ಲ. ಜನ ಆತ್ಮೀಯರು. ಆದರೆ ರಸ್ತೆ ನೆಟ್ಟಗೆ, ಆಕಾಶ ದೊಡ್ಡದು, ಬಿಸಿಲು ಬೆಳಿಗ್ಗೆ ಎಂಟಕ್ಕೇ ಹೆಗಲ ಮೇಲೆ ಕೈ ಇಡುತ್ತಿತ್ತು. ಗಾಡಿಯನ್ನು ಲಾರಿಯಲ್ಲಿ ಸಾಮಾನಿನ ಜೊತೆ ತಂದು ಬೇವಿನ ಮರದ ಕೆಳಗೆ ನಿಲ್ಲಿಸಿದ್ದೆ. ಮೊದಲ ಭಾನುವಾರ ಐದಕ್ಕೇ ಎಚ್ಚರವಾಯಿತು. ಗಾಡಿ ತೆಗೆದು ಕಾಲುವೆ ಏರಿಯ ಮೇಲೆ ಹೊರಟೆ. ಅಭ್ಯಾಸಬಲಕ್ಕೆ ಹೆಡ್‌ಲೈಟ್ ಹಾಕಿಕೊಂಡೆ. ಮುಂದೆ ಯಾರೂ ಇಲ್ಲ. ಯಾರ ಹಿಂದೆ ಹೋಗುವುದು? ಕಾಲುವೆಯ ನೀರು ಪಕ್ಕದಲ್ಲಿ ಹರಿಯುತ್ತಿತ್ತು. ನಾಗೇಶ್ ಮೇಷ್ಟ್ರು ಇದ್ದಿದ್ದರೆ, ಇದು ಭದ್ರಾವತಿ ಸೇತುವೆ ಕೆಳಗೆ ಹಾದು ತುಂಗಭದ್ರೆ ಸೇರಿ ಬಂದ ನೀರೇ ಕಣ್ರೀ ಅನ್ನುತ್ತಿದ್ದರು. ನಾನು ಕಣ್ಣು ತೆರೆದುಕೊಂಡೇ ಆ ರಸ್ತೆಯನ್ನು ನೆನೆಯತೊಡಗಿದೆ. ಈಗ ಲೇತ್ ಶಾಪು ಬಿಟ್ಟಿರುತ್ತಾರೆ. ಈಗ ತಿರುವು. ಈಗ ರೈಲ್ವೆ ಗೇಟು. ಹಾಗೆ ನೆನೆದರೆ ಹೊಟ್ಟೆಯೊಳಗಿನ ಖಾಲಿ ಸ್ವಲ್ಪ ತುಂಬುತ್ತಿತ್ತು. ಅಲ್ಲಿಂದ ಪ್ರತಿ ಭಾನುವಾರ ಅದೇ ಆಯಿತು.

ಭಾನುವಾರ ಸಂಜೆ ಎಸ್‌ಟಿಡಿ ಬೂತಿನಿಂದ ಚನ್ನಣ್ಣನ ಶಾಪಿಗೆ ಫೋನ್ ಮಾಡುತ್ತಿದ್ದೆ. ಮೂವರೂ ಅಲ್ಲೇ ಇರುತ್ತಿದ್ದರು. ಒಂದೆರಡು ತಿಂಗಳಾದ ಮೇಲೆ ನಾಗೇಶ್ ಮೇಷ್ಟ್ರು, "ಏನ್ರೀ, ಬೆಳಿಗ್ಗೆ ಬಂದಿದ್ರಲ್ಲ, ಇಡ್ಲಿಗೆ ನಿಲ್ದೇ ಹೋಗ್ಬಿಟ್ರಿ" ಅಂದರು. ತಮಾಷೆ ಅಂದುಕೊಂಡೆ. ಮುಂದಿನ ವಾರವೂ ಅದೇ ಮಾತು. ಕನ್ನಡಿಯಲ್ಲಿ ನನ್ನ ಬೆಳಕು ಕಂಡಿತಂತೆ. ಅವರು ಪ್ರೀತಿಯಿಂದ ಹೀಗೆ ಹೇಳುತ್ತಿದ್ದಾರೆ ಎಂದುಕೊಂಡು ಇನ್ನೆರಡು ನಿಮಿಷ ಹೆಚ್ಚು ಮಾತಾಡಿದೆ. ಮೂರನೇ ವಾರ ಫೋನ್ ಎತ್ತಿದವನು ಸೆಲ್ವರಾಜ. ಅವನ ದನಿ ಬೇರೆ ಇತ್ತು.

"ಸಾರ್, ನಾನು ಗಾಡಿ ತಿರುಗಿಸ್ಕೊಂಡು ಹೋದೆ. ನಾವು ನಿಂತ್ರೆ ಅದೂ ನಿಲ್ತು. ಹತ್ರ ಹೋದೆ, ಏನೂ ಇಲ್ಲ. ವಾಪಸ್ ಬಂದು ಎಲ್ರೂ ಹೊರಟ್ರೆ, ಮತ್ತೆ ಹಿಂದೆ ಇದೆ. ಸಾಮಿ ಆಣೆ ಸಾರ್."

"ಬೇರೆ ಯಾರ್ದಾದ್ರೂ ಗಾಡಿ ಇರ್ಬೇಕು ಸೆಲ್ವ."

"ಬೇಲಿ ನೋಡೋ ಲೈಟು ಬೇರೆ ಯಾರ್ದು ಇದೆ ಸಾರ್?"

ನಾನು ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ಬೂತಿನಿಂದ ಹೊರಗೆ ಬಂದೆ. ಆದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಒಳಗೊಳಗೇ ಖುಷಿಯೂ ಆಯಿತು. ನನ್ನ ಜಾಗ ಖಾಲಿ ಬಿದ್ದಿಲ್ಲ. ನಾನಿಲ್ಲದೆಯೂ ಅಲ್ಲಿ ನಾನಿದ್ದೇನೆ. ಮುಂದಿನ ಭಾನುವಾರ ಇನ್ನೂ ಬೇಗ ಎದ್ದು, ಇನ್ನೂ ಗಮನವಿಟ್ಟು ನೆನೆದೆ. ಒಂದೊಂದು ತಿರುವು, ಒಂದೊಂದು ಗುಂಡಿ.

ಅದರಿಂದ ಏನಾಗುತ್ತಿದೆ ಎಂದು ನನಗೆ ತಿಳಿದದ್ದು ತಡವಾಗಿ. ನಾಗೇಶ್ ಮೇಷ್ಟ್ರ ಮನೆಯವರು ಅವರಿಗೆ ಗಾಡಿಯ ಕೀಲಿ ಕೊಡುವುದನ್ನು ನಿಲ್ಲಿಸಿದ್ದರು. ಸೆಲ್ವರಾಜನ ತಾಯಿ ಅವನ ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿ ಕಳಿಸುತ್ತಿದ್ದರು. ಎರಡು ಭಾನುವಾರ ಚನ್ನಣ್ಣ ಒಬ್ಬನೇ ಹೋಗಿ ಬಂದಿದ್ದ. ಅವನೇ ಒಂದು ಸಂಜೆ ಕಚೇರಿಗೆ ಫೋನ್ ಮಾಡಿದ. ಸುತ್ತಿಬಳಸಿ ಹೇಳುವ ಮನುಷ್ಯನಲ್ಲ.

"ರುದ್ರೇಶ, ಭಾನುವಾರ ನೀನು ಅಲ್ಲಿ ಗಾಡಿ ತೆಗೀತೀಯಾ?"

"ತೆಗೀತೀನಿ."

"ಎಷ್ಟೊತ್ತಿಗೆ?"

"ಆರಕ್ಕೆ."

"ತೆಗೀಬೇಡ ಮಾರಾಯ" ಅಂದ.

ನನಗೆ ಸಿಟ್ಟು ಬಂತು. ಮುನ್ನೂರು ಕಿಲೋಮೀಟರ್ ದೂರದಲ್ಲಿ ನನ್ನ ಗಾಡಿ ನಾನು ಓಡಿಸಿದರೆ ಇವರಿಗೇನು? ಕಬ್ಬಿಣ ಕಡೆಯುವವನು ಕೂಡ ಹೀಗೆ ಮಾತಾಡಿದರೆ ಹೇಗೆ? ಹಾಗೆಲ್ಲ ಅಂದುಬಿಟ್ಟೆ. ಚನ್ನಣ್ಣ ಕೇಳಿಸಿಕೊಂಡು, "ಹಂಗಾದ್ರೆ ಒಂದ್ಸಲ ಬಾ. ನನ್ ಹಿಂದೆ ಕೂತ್ಕೊಂಡು ನೀನೇ ನೋಡು" ಅಂದ.

ಮಾಗಿಯ ಚಳಿ. ಗಾಡಿಯನ್ನು ಸಿಂಧನೂರಿನಲ್ಲಿ ಬೀಗ ಹಾಕಿ ನಿಲ್ಲಿಸಿ, ಕೀಲಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ಸಿನಲ್ಲಿ ಬಂದೆ. ಭಾನುವಾರ ಬೆಳಿಗ್ಗೆ ಮಾಚೇನಹಳ್ಳಿಯಲ್ಲಿ ಮಂಜು ಎಷ್ಟಿತ್ತೆಂದರೆ ಲೇತ್ ಶಾಪಿನ ಬಾಗಿಲಿಗೆ ಹೋಗುವವರೆಗೆ ಬಾಗಿಲು ಕಾಣಲಿಲ್ಲ. ನಾನು ಬರುತ್ತೇನೆಂದು ಮೇಷ್ಟ್ರೂ ಹೇಗೋ ಬಂದಿದ್ದರು. "ಇವತ್ತೇನೂ ಬರಲ್ಲ ಬಿಡಿ, ಓನರ್ರೇ ಇಲ್ಲಿದಾರೆ" ಅಂದರು. ಸೆಲ್ವರಾಜ ನಗಲಿಲ್ಲ. ಹಣೆಯಲ್ಲಿ ಅಗಲಕ್ಕೆ ವಿಭೂತಿ, ಹ್ಯಾಂಡಲ್ಲಿನಲ್ಲಿ ಹೊಸ ನಿಂಬೆಹಣ್ಣು.

ನಾನು ಇದ್ದುದರಿಂದ ಚನ್ನಣ್ಣ ಬುಲೆಟ್ಟನ್ನು ಹಿಂದಕ್ಕೆ ಇಟ್ಟುಕೊಂಡ. ಮೂರು ಗಾಡಿ, ನಾಲ್ಕು ಜನ. ಎರಡು ಮೈಲಿ ಏನೂ ಇಲ್ಲ. ನನ್ನ ಮುಖದಲ್ಲಿ ಗೆದ್ದ ನಗು ಬರುವುದರಲ್ಲಿತ್ತು. ಆಗ ಚನ್ನಣ್ಣ ಕನ್ನಡಿಯ ಕಡೆ ತಲೆಯಾಡಿಸಿದ. ಕುತ್ತಿಗೆ ತಿರುಗಿಸಿ ನೋಡಿದೆ.

ನನ್ನ ಬೆಳಕನ್ನು ನಾನು ಎಂದೂ ಎದುರಿನಿಂದ ನೋಡಿರಲಿಲ್ಲ. ಆದರೂ ಗುರುತು ಹತ್ತಿತು. ಮಂಜಿನೊಳಗೆ ಹಳದಿ, ಸ್ವಲ್ಪ ಎಡಕ್ಕೆ ವಾಲಿಕೊಂಡು, ಬೇಲಿಯನ್ನು ಹುಡುಕುತ್ತ ಬರುತ್ತಿತ್ತು. ಅವಸರವಿಲ್ಲ. ನಾನು ಯಾವಾಗಲೂ ಇಟ್ಟುಕೊಳ್ಳುತ್ತಿದ್ದಷ್ಟೇ ದೂರ.

"ನಿಲ್ಸು" ಅಂದೆ. ಮೂರೂ ಗಾಡಿ ನಿಂತವು. ಅದೂ ನಿಂತಿತು. ನಾನು ಇಳಿದು ಅದರ ಕಡೆ ನಡೆದೆ. ಮಂಜಿಗೆ ರಸ್ತೆಯ ಅಂಚು ಕಾಣದೆ ಒಂದು ಕಡೆ ಕಾಲು ಕೆಸರಿಗೆ ಇಳಿಯಿತು. ಹತ್ತಿರವಾದಂತೆ ಇಂಜಿನ್ನಿನ ಸದ್ದು ಕೇಳಿತು. ನನ್ನ ಗಾಡಿಗೆ ನಿಂತಲ್ಲಿ ನಿಂತಾಗ ಒಂದು ತಡವರಿಕೆ ಇತ್ತು, ನಾಲ್ಕು ಸದ್ದಿಗೊಮ್ಮೆ ಉಗುಳು ನುಂಗಿದ ಹಾಗೆ. ಅದೇ ತಡವರಿಕೆ. ಜೇಬಿಗೆ ಕೈ ಹಾಕಿದೆ, ಕೀಲಿ ಇತ್ತು. "ಯಾರದು?" ಅಂದೆ. ನನ್ನ ದನಿ ನನಗೇ ಬೇರೆಯವರದ್ದಾಗಿ ಕೇಳಿತು. ನಾನು ಹತ್ತು ಹೆಜ್ಜೆ ಇಟ್ಟರೆ ಬೆಳಕು ಹತ್ತು ಹೆಜ್ಜೆ ಹಿಂದಕ್ಕೆ ಸರಿದಿರುತ್ತಿತ್ತು. ನಲವತ್ತು ಹೆಜ್ಜೆಯಾದರೂ ನಡೆದಿರಬೇಕು. ಆಮೇಲೆ ಧೈರ್ಯ ಸಾಲದೆ, ಗೆಳೆಯರು ಅಲ್ಲೇ ಇದ್ದಾರಲ್ಲ ಎಂದು ತಿರುಗಿ ನೋಡಿದೆ.

ಮಂಜು ಒಂದು ಗಳಿಗೆ ತೆಳುವಾಗಿ ಮೂರು ಕೆಂಪು ದೀಪ ಕಂಡವು. ಒಂದು, ಎರಡು, ಮೂರು. ಕೊನೆಯ ದೀಪದ ಮೇಲೆ, ಚನ್ನಣ್ಣನ ಬೆನ್ನಿನ ಹಿಂದೆ, ಒಬ್ಬ ಮನುಷ್ಯ ಕೂತಿದ್ದ. ಕಂದು ಬಣ್ಣದ ಮಂಕಿ ಟೋಪಿ. ಕುತ್ತಿಗೆ ತಿರುಗಿಸಿಕೊಂಡು ನನ್ನ ಕಡೆ ನೋಡುತ್ತಿದ್ದ. ನಾನು ತಲೆ ಮುಟ್ಟಿಕೊಂಡೆ. ನನ್ನ ಟೋಪಿ ನನ್ನ ತಲೆಯ ಮೇಲೇ ಇತ್ತು.

ಓಡಿದ್ದು ನೆನಪಿದೆ. ಗಾಡಿ ಹತ್ತಿದ್ದು ನೆನಪಿಲ್ಲ. ಚನ್ನಣ್ಣನ ಬೆನ್ನಿಗೆ ಹಣೆ ಕೊಟ್ಟು ಏದುಸಿರು ಬಿಡುತ್ತಿದ್ದೆ.

"ಯಾಕೋ ಹಿಂಗ್ ಉಸಿರಾಡ್ತಿದೀಯ?" ಅಂದ ಅವನು. "ನಿಲ್ಸು ಅಂದೆ, ನಿಲ್ಸಿದೆ. ಆಗಿಂದ ಹಿಂದೆ ತಿರುಗ್ಕೊಂಡು ಸುಮ್ನೆ ಕೂತಿದೀಯ. ಇಳ್ದು ನೋಡ್ತೀಯ ಅಂದ್ಕಂಡಿದ್ದೆ."

"ಇಳಿದಿದ್ದೆ."

"ನೀನು ಇಳೀಲೇ ಇಲ್ಲ ಮಾರಾಯ."

ಓಲ್ಡ್ ಟೌನಿನ ಹೋಟೆಲಿನಲ್ಲಿ ಟ್ಯೂಬ್‌ಲೈಟಿನ ಕೆಳಗೆ ಕೂತಾಗ ನಾಲ್ವರೂ ನನ್ನ ಕಾಲು ನೋಡಿದೆವು. ಒಂದು ಚಪ್ಪಲಿಯ ತುಂಬ ಹಸಿ ಕೆಸರು, ಪ್ಯಾಂಟಿನ ಅಂಚಿಗೆ ಹುಲ್ಲಿನ ಬೀಜ ಅಂಟಿತ್ತು. ಚನ್ನಣ್ಣ ಒದ್ದೆ ಬಟ್ಟೆ ಕೇಳಿ ತಂದು, ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಬೇಡವೆಂದರೂ ಕೇಳದೆ ಆ ಕೆಸರನ್ನು ಒರೆಸಿದ. ಸೆಲ್ವರಾಜ ಮೆಲ್ಲಗೆ ಅಂದ:

"ಸಾರ್, ನೀವು ನಿಮ್ಮೂರಿಗೆ ಹೋಗ್ಬಿಡಿ ಸಾರ್."

ಅವನ ಬಾಯಲ್ಲಿ ನಿಮ್ಮೂರು ಎಂದರೆ ಸಿಂಧನೂರು. ಆ ಮಾತಿಗೆ ನನಗೆ ಮಂಜಿನಲ್ಲಿ ಆದದ್ದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ವಾಪಸ್ಸು ಬಂದು ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು, ಭಾನುವಾರ ನಾನು ಕೇಳಿದರೂ ಕೊಡಬೇಡ ಅಂದೆ. ಅವಳು ಅದನ್ನು ಅಕ್ಕಿ ಡಬ್ಬಿಗೆ ಹಾಕಿಟ್ಟಳು. ಭಾನುವಾರ ಬೆಳಿಗ್ಗೆ ಎಚ್ಚರವಾದರೆ ಗೋಡೆಯ ಕಡೆ ತಿರುಗಿ, ತರಕಾರಿಯ ಹೆಸರು, ಕಚೇರಿಯವರ ಹೆಸರು, ಏನಾದರೂ ನೆನೆಸಿಕೊಂಡು ಮಲಗುತ್ತಿದ್ದೆ. ಆ ರಸ್ತೆ ಬಂದರೆ ಎದ್ದು ಮುಖ ತೊಳೆಯುತ್ತಿದ್ದೆ. ಬೆಳಕು ನಿಂತುಹೋಯಿತು. "ಈಗ ಬರ್ತಿಲ್ಲ" ಎಂದು ಚನ್ನಣ್ಣ ಫೋನಿನಲ್ಲಿ ಹೇಳಿದ. ಒಳ್ಳೆಯದಾಯಿತು ಅಂದೆ. ಅವನೂ ಒಳ್ಳೆಯದಾಯಿತು ಅಂದ. ಮೇಷ್ಟ್ರಿಗೆ ಕೀಲಿ ಸಿಕ್ಕಿತು. ನಿಂಬೆಹಣ್ಣು ಹೋಯಿತು.

ತಂಡ ಮೊದಲಿನಂತಾಗಬೇಕಿತ್ತು. ಆಗಲಿಲ್ಲ. ಒಂದು ವಾರ ಇಬ್ಬರು, ಒಂದು ವಾರ ಯಾರೂ ಇಲ್ಲ. ಮೊದಲು ಮೂವರೂ ಕನ್ನಡಿ ನೋಡಿದರೆ ಹಿಂದೆ ಒಂದು ಬೆಳಕು ಇರುತ್ತಿತ್ತು. ನಾನಿದ್ದಾಗ ನನ್ನದು, ಆಮೇಲೆ ಅದು ಯಾರದೋ. ಈಗ ಬರೀ ರಸ್ತೆ. ಸೆಲ್ವರಾಜ ಅರ್ಧ ದಾರಿಯಲ್ಲಿ ನಿಂತು ಹಿಂದೆ ನೋಡುತ್ತಾನಂತೆ, ಮೇಷ್ಟ್ರು ನಿಧಾನ ಮಾಡುತ್ತಾರಂತೆ. ಒಂದು ವರ್ಷವಾಗುತ್ತ ಬಂದಾಗ, ಒಂದು ಶನಿವಾರ, ಚನ್ನಣ್ಣ ಮತ್ತೆ ಕಚೇರಿಗೆ ಫೋನ್ ಮಾಡಿದ. ಬಹಳ ಹೊತ್ತು ಮಳೆ, ಕೆಲಸ, ಕಬ್ಬಿಣ ಸಿಗದಿರುವುದು, ಇಂಥವೇ ಮಾತು. ಅವನು ಅಷ್ಟು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

"ರುದ್ರೇಶ" ಅಂದ ಕೊನೆಗೆ. "ನಾಳೆ ಗಾಡಿ ತಗಿ."

"ಬೇಡ ಅಂದಿದ್ದೆಯಲ್ಲ ಚನ್ನಣ್ಣ."

"ಅಂದಿದ್ದೆ. ಮೂವರೂ ಮಾತಾಡ್ಕೊಂಡಿದೀವಿ. ಸೆಲ್ವನೂ ಹ್ಞೂಂ ಅಂದ. ಏನಿದ್ರೂ ಇರ್ಲಿ, ಬರ್ಲಿ. ಆರಕ್ಕೆ ನಾವು ಹೊರಡ್ತೀವಿ. ನೀನೂ ಹೊರಡು."

ಭಾನುವಾರ ಬೆಳಿಗ್ಗೆ ಹೆಂಡತಿಯಿಂದ ಕೀಲಿ ಇಸಿದುಕೊಂಡೆ. ಧೂಳು ಕೊಡವಿ, ಹತ್ತು ಸಲ ಒದ್ದ ಮೇಲೆ ಗಾಡಿ ಎದ್ದಿತು. ಗೇಟು ದಾಟಿದರೆ ಎದುರಿಗೆ ವಿರೂಪಾಕ್ಷ. ನಮ್ಮ ಕಚೇರಿಗೆ ಹೊಸದಾಗಿ ಬಂದಿದ್ದ ಗುಮಾಸ್ತ, ಹೊಸದಾಗಿ ಗಾಡಿ ಕೊಂಡಿದ್ದ.

"ಎಲ್ಲಿಗ್ರಿ ಸರ ಇಷ್ಟ್ ಮುಂಜಾನೆ?"

"ಸುಮ್ನೆ. ಕಾಲುವೆ ಕಡೆ."

"ತಡೀರಿ, ನಾನೂ ಬರ್ತೀನ್ರಿ."

ಬೇಡ ಎನ್ನಲು ಕಾರಣ ಹೇಳಬೇಕಿತ್ತು, ಹೇಳುವಂಥ ಕಾರಣವಲ್ಲ ಅದು. ಅವನು ಮುಂದೆ ಹೋದ. ನಾನು ಹೆಡ್‌ಲೈಟ್ ಹಾಕಿಕೊಂಡು ಹಿಂದೆ ಹೊರಟೆ. ಅವನಿಗೆ ಇನ್ನೂ ಗಾಡಿ ಕೈಗೆ ಕೂತಿರಲಿಲ್ಲ. ಏರಿಯ ಅಂಚಿಗೆ ಅಂಚಿಗೆ ಹೋಗುತ್ತಿದ್ದ. ಬೀಳುತ್ತಾನೇನೋ ಎಂದು ಕಣ್ಣು ತೆಗೆಯದೆ ನೋಡುತ್ತ ಹೋದೆ. ಹನ್ನೆರಡು ಮೈಲಿ ಹೋಗಿ, ಒಂದು ತೂಬಿನ ಹತ್ತಿರ ಕೂತು ಅವನು ತಂದಿದ್ದ ಮಂಡಕ್ಕಿ ತಿಂದೆವು. ಅವನು ತನ್ನ ತಂಗಿಗೆ ನೋಡಿದ ಗಂಡಿನ ವಿಷಯ ಹೇಳಿದ. ಮನೆಗೆ ಬರುವಾಗ ಹತ್ತು ಗಂಟೆ. ಸ್ನಾನ ಮಾಡುವಾಗ, ತಲೆಗೆ ನೀರು ಹಾಕಿಕೊಂಡ ಮೇಲೆ, ಅವತ್ತು ಮೊದಲ ಸಲ ಮಾಚೇನಹಳ್ಳಿ ನೆನಪಾಯಿತು.

ಸಂಜೆ ಬೂತಿಗೆ ಹೋದೆ. ಮೊದಲ ಗಂಟೆಗೇ ಚನ್ನಣ್ಣ ಫೋನ್ ಎತ್ತಿದ.

"ಗಾಡಿ ತೆಗ್ದಿದ್ಯಾ?"

"ತೆಗ್ದಿದ್ದೆ."

"ಲೈಟ್ ಹಾಕಿದ್ಯಾ?"

"ಹಾಕಿದ್ದೆ."

"ತಿರುವಿನ ಹತ್ರ ಅರ್ಧ ಗಂಟೆ ನಿಂತಿದ್ವಿ ಕಣೋ" ಅಂದ. "ಮೇಷ್ಟ್ರು ಗಾಡಿ ತಿರುಗಿಸ್ಕೊಂಡು ಸ್ವಲ್ಪ ದೂರ ಹೋಗಿ ನೋಡ್ಕೊಂಡೂ ಬಂದ್ರು. ಯಾಕೆ ಬರ್ಲಿಲ್ಲ?"

ವಿರೂಪಾಕ್ಷನ ವಿಷಯ ನಾನು ಹೇಳಲಿಲ್ಲ. "ಗೊತ್ತಿಲ್ಲ ಚನ್ನಣ್ಣ" ಅಂದೆ.

ಆ ಕಡೆ ಏನಂತೆ ಎಂದು ಸೆಲ್ವರಾಜ ಕೇಳುವುದು ಕೇಳಿಸಿತು. ಚನ್ನಣ್ಣ, "ಇರ್ಲಿ. ಬರೋ ವಾರ ಇನ್ನೊಂದ್ಸಲ ಕಾಯ್ತೀವಿ" ಎಂದು ಫೋನ್ ಇಟ್ಟ.

ಬರೋ ವಾರ ಬಂತು. ಆರು ಗಂಟೆಗೆ ವಿರೂಪಾಕ್ಷ ಗೇಟಿನ ಮುಂದೆ ನಿಂತು ಹಾರ್ನ್ ಮಾಡಿದ. ಈ ಸಲ ಅವನ ಜೊತೆ ಇನ್ನೊಬ್ಬ ಗೆಳೆಯನೂ ಇದ್ದ. ಇಬ್ಬರನ್ನೂ ಮುಂದೆ ಬಿಟ್ಟು ನಾನು ಹೊರಟೆ.